ಕುಟುಂಬಕ್ಕೊಂದು ಮಧ್ಯಮ ಗಾತ್ರದ ಎಸ್‌ಯುವಿ: ಯಾವ ರಸ್ತೆಗೆ ಯಾವ ಎಂಜಿನ್?

ನಮ್ಮ ಮನೆಯ ಇಬ್ಬರು ಅಳಿಯಂದಿರು ಎರಡು ವರ್ಷದ ಅಂತರದಲ್ಲಿ ಒಂದೇ ಕಂಪನಿಯ ಒಂದೇ ಎಸ್‌ಯುವಿ ಕೊಂಡರು. ಎಂಜಿನ್ ಒಂದೇ, ಗೇರ್‌ಬಾಕ್ಸ್ ಒಂದೇ, ಬೇರೆಯದು ಬಣ್ಣ ಮಾತ್ರ. ಮಾರತಹಳ್ಳಿಯಲ್ಲಿರುವವರು ಲೀಟರಿಗೆ 9 ಕಿಲೋಮೀಟರ್ ಸಿಕ್ಕರೆ ಪುಣ್ಯ ಎನ್ನುತ್ತಾರೆ. ಚಿತ್ರದುರ್ಗದಲ್ಲಿರುವವರು 16ಕ್ಕಿಂತ ಕೆಳಗೆ ಇಳಿದದ್ದೇ ಇಲ್ಲ ಎನ್ನುತ್ತಾರೆ. ಹಬ್ಬಕ್ಕೆ ಸೇರಿದಾಗಲೆಲ್ಲ ಒಬ್ಬರ ಮಾತನ್ನು ಇನ್ನೊಬ್ಬರು ನಂಬುವುದಿಲ್ಲ. ಆದರೆ ಇಬ್ಬರೂ ಹೇಳುವುದು ನಿಜವೇ. ಒಬ್ಬರ ಗಾಡಿ ತಿಂಗಳಿಡೀ ಹೊರವರ್ತುಲ ರಸ್ತೆಯಲ್ಲಿ ನಿಂತು ನಿಂತು ಸಾಗುತ್ತದೆ, ಇನ್ನೊಬ್ಬರದು ಹಿರಿಯೂರಿನಿಂದ ದಾವಣಗೆರೆಯ ತನಕ ಟಾಪ್ ಗೇರಿನಲ್ಲೇ ಓಡುತ್ತದೆ. ಮಾಲೀಕರ ಅನುಭವ ಕೇಳಿ ಕಾರು ಆರಿಸುವವರು ಮೊದಲು ಕೇಳಬೇಕಾದದ್ದು ಗಾಡಿ ಹೇಗಿದೆ ಎಂದಲ್ಲ, ಅದನ್ನು ಎಲ್ಲಿ ಓಡಿಸುತ್ತೀರಿ ಎಂದು. ಈ ಒಂದು ಪ್ರಶ್ನೆಯನ್ನು ಕೈಯಲ್ಲಿಟ್ಟುಕೊಂಡು, ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವ ಹ್ಯುಂಡೈ ಕ್ರೆಟಾ, ಕಿಯಾ ಸೆಲ್ಟೋಸ್, ಮಾರುತಿ ಗ್ರ್ಯಾಂಡ್ ವಿಟಾರಾ, ಟೊಯೋಟಾ ಹೈರೈಡರ್, ಹೋಂಡಾ ಎಲಿವೇಟ್, ಸ್ಕೋಡಾ ಕುಶಾಕ್ ಮತ್ತು ಫೋಕ್ಸ್‌ವ್ಯಾಗನ್ ಟೈಗನ್‌ಗಳನ್ನು ಹೋಲಿಸಿ ನೋಡೋಣ. ಟಾಟಾ ಸಿಯೆರಾ ಮತ್ತು ಮಾರುತಿ ವಿಕ್ಟೋರಿಸ್ 2025ರಲ್ಲಷ್ಟೇ ಬಂದವು. ಒಂದೆರಡು ಮಳೆಗಾಲ ಕಂಡ ಮಾಲೀಕರು ಇನ್ನೂ ಸಿಗುವುದು ಕಷ್ಟವಾದ್ದರಿಂದ ಅವುಗಳನ್ನು ಇಲ್ಲಿ ಸೇರಿಸಿಲ್ಲ.

ಮೊದಲು ದುಡ್ಡಿನ ಮಾತು ಮುಗಿಸೋಣ. ಈ ಗಾಡಿಗಳೆಲ್ಲ 4.2ರಿಂದ 4.5 ಮೀಟರ್ ಉದ್ದದವು, ತೆರಿಗೆಯ ಲೆಕ್ಕ ಬದಲಾಗುವುದು 4 ಮೀಟರ್ ದಾಟಿದಾಗ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರದಂತೆ 4 ಮೀಟರ್ ಒಳಗಿನ, 1200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ಶೇ 18 ಇದ್ದರೆ ಇವುಗಳಿಗೆ ಶೇ 40. ಹಿಂದೆ ಸೆಸ್ ಸೇರಿ ಇದಕ್ಕಿಂತ ಹೆಚ್ಚೇ ಬೀಳುತ್ತಿತ್ತು, ಆದ್ದರಿಂದ ಬೆಲೆ ಸ್ವಲ್ಪ ಇಳಿದಿದೆ. ಇದು ಎಕ್ಸ್‌ಶೋರೂಮ್ ಬೆಲೆಯೊಳಗೇ ಸೇರಿರುವ ತೆರಿಗೆ. ಅದರ ಮೇಲೆ ಕರ್ನಾಟಕದಲ್ಲಿ 10 ಲಕ್ಷದಿಂದ 20 ಲಕ್ಷದೊಳಗಿನ ಕಾರಿಗೆ ಶೇ 17ರಷ್ಟು ಜೀವಾವಧಿ ತೆರಿಗೆ, ಆ ತೆರಿಗೆಯ ಮೇಲೆ ಮತ್ತೆ ಸೆಸ್, ಜೊತೆಗೆ ವಿಮೆ ಸೇರುತ್ತವೆ. 15 ಲಕ್ಷದ ಕಾರಿಗೆ ಬರೀ ಜೀವಾವಧಿ ತೆರಿಗೆಯೇ 2.55 ಲಕ್ಷವಾಗುತ್ತದೆ, ಆನ್‌ರೋಡ್ ಬೆಲೆ 18 ಲಕ್ಷ ದಾಟುತ್ತದೆ. ಹೀಗಾಗಿ ಶೋರೂಮಿನಲ್ಲಿ "ಇನ್ನೊಂದು ಲಕ್ಷ ಹಾಕಿದರೆ ಮೇಲಿನ ವೇರಿಯೆಂಟೇ ಬರುತ್ತದೆ ಸರ್" ಎಂದಾಗ ಆ ಒಂದು ಲಕ್ಷ ಮನೆಗೆ ಬರುವಷ್ಟರಲ್ಲಿ ಸುಮಾರು 1.2 ಲಕ್ಷವಾಗಿರುತ್ತದೆ ಎಂಬುದನ್ನು ಮರೆಯಬಾರದು.

ಊರೊಳಗಿನ ಓಡಾಟ

ಬೆಂಗಳೂರಿನಂಥ ಊರಿನಲ್ಲಿ ದಿನಾ ಓಡಿಸುವವರಿಗೆ ಮೊದಲ ಪ್ರಶ್ನೆ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಗಾಡಿ, ಬೇಕೋ ಬೇಡವೋ ಎಂಬುದು. ಗ್ರ್ಯಾಂಡ್ ವಿಟಾರಾ ಮತ್ತು ಹೈರೈಡರ್ 2022ರಲ್ಲಿ ಬಂದ ಜೋಡಿ ಗಾಡಿಗಳು. ಎರಡೂ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲೇ ತಯಾರಾಗುತ್ತವೆ. ಇವುಗಳಲ್ಲಿ ಎರಡು ಬಗೆಯ ಹೈಬ್ರಿಡ್ ಇದೆ, ಹೆಸರು ಒಂದೇ ಆದ್ದರಿಂದ ಕೊಳ್ಳುವವರು ಮೋಸ ಹೋಗುವುದೂ ಉಂಟು. ಮೈಲ್ಡ್ ಹೈಬ್ರಿಡ್ ಎನ್ನುವುದು 103 ಅಶ್ವಶಕ್ತಿಯ ಸಾಮಾನ್ಯ ಪೆಟ್ರೋಲ್ ಎಂಜಿನ್ನಿಗೆ ಸಣ್ಣದೊಂದು ಮೋಟಾರಿನ ಆಸರೆ ಅಷ್ಟೇ. ಸಿಗ್ನಲ್ಲಿನಲ್ಲಿ ಎಂಜಿನ್ ನಿಂತರೆ ಎಸಿಯ ಕಂಪ್ರೆಸರ್ ಕೂಡ ನಿಂತು ಬರೀ ಗಾಳಿ ಬೀಸುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಟಿನ್ ಫ್ಯಾಕ್ಟರಿ ಹತ್ತಿರ ಎರಡು ನಿಮಿಷ ನಿಂತರೆ ಇದು ಗೊತ್ತಾಗುತ್ತದೆ, ಆದ್ದರಿಂದ ಅನೇಕ ಮಾಲೀಕರು ಗಾಡಿ ಶುರು ಮಾಡಿದ ಕೂಡಲೇ ಐಡಲ್ ಸ್ಟಾಪ್ ಬಂದ್ ಮಾಡುವ ಗುಂಡಿ ಒತ್ತಿಬಿಡುತ್ತಾರೆ. ಸ್ಟ್ರಾಂಗ್ ಹೈಬ್ರಿಡ್ ಬೇರೆಯೇ ಗಾಡಿ, ಎಂಜಿನ್ ಆರಿಸಿ ಬರೀ ಮೋಟಾರಿನಲ್ಲೂ ಸಾಗಬಲ್ಲದು. ಅದರ ಎಸಿ ವಿದ್ಯುತ್ತಿನಲ್ಲೇ ನಡೆಯುವುದರಿಂದ ಎಂಜಿನ್ ಆರಿದ್ದರೂ ಒಳಗೆ ತಂಪು ಕಡಿಮೆಯಾಗುವುದಿಲ್ಲ; ಸಾಲಿನಲ್ಲಿ ಹತ್ತಡಿ ಹತ್ತಡಿ ಮುಂದೆ ಸರಿಯುವಾಗ ಪೆಟ್ರೋಲ್ ಖರ್ಚು ತೀರಾ ಕಡಿಮೆ, ಬ್ರೇಕ್ ತುಳಿದಾಗಲೆಲ್ಲ ಬ್ಯಾಟರಿಗೆ ಅಷ್ಟಿಷ್ಟು ಮರಳುತ್ತದೆ. ಕಾಗದದ ಮೇಲಿನ ಮೈಲೇಜ್ 27.97, ಬೆಂಗಳೂರಿನೊಳಗೆ ಅದನ್ನು ಯಾರೂ ಕಾಣುವುದಿಲ್ಲ, ಆದರೆ 20 ದಾಟಿಸುವವರು ಅನೇಕರಿದ್ದಾರೆ. ಮೂರು ಸಿಲಿಂಡರಿನ ಎಂಜಿನ್ ಮತ್ತೆ ಹೊತ್ತಿಕೊಂಡಾಗ ಸಣ್ಣದೊಂದು ಗುರುಗುಟ್ಟುವಿಕೆ ಕಾಲಿಗೆ ತಾಗುತ್ತದೆ. ಅಷ್ಟು ಹೊತ್ತು ನಿಶ್ಶಬ್ದವಾಗಿದ್ದುದರಿಂದಲೇ ಅದು ಇನ್ನಷ್ಟು ಎದ್ದು ಕೇಳಿಸುವುದು.

ಹಾಗಾದರೆ ಎಲ್ಲರೂ ಸ್ಟ್ರಾಂಗ್ ಹೈಬ್ರಿಡ್ ಕೊಳ್ಳಬೇಕೇ? ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 1000 ಕಿಲೋಮೀಟರ್ ಊರೊಳಗಿನ ಓಡಾಟ, ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಸಾಮಾನ್ಯ ಪೆಟ್ರೋಲ್ ಆಟೋಮ್ಯಾಟಿಕ್‌ಗೆ 12 ಮತ್ತು ಸ್ಟ್ರಾಂಗ್ ಹೈಬ್ರಿಡ್‌ಗೆ 21 ಮೈಲೇಜ್ ಎಂದು ಇಟ್ಟುಕೊಳ್ಳಿ. ಮೊದಲನೆಯದು 83 ಲೀಟರ್ ಕುಡಿಯುತ್ತದೆ, ಎರಡನೆಯದು 48 ಲೀಟರ್. ಉಳಿತಾಯ ತಿಂಗಳಿಗೆ ಸುಮಾರು 3,700 ರೂಪಾಯಿ. ಆನ್‌ರೋಡ್ ಬೆಲೆಯಲ್ಲಿ ಎರಡೂವರೆ ಲಕ್ಷ ವ್ಯತ್ಯಾಸವಿದ್ದರೆ ಅದು ವಾಪಸಾಗಲು ಐದೂವರೆ ವರ್ಷ ಬೇಕು. ತಿಂಗಳಿಗೆ 2000 ಕಿಲೋಮೀಟರ್ ಓಡಿಸುವವರಿಗೆ ಮೂರು ವರ್ಷದೊಳಗೆ ಬರುತ್ತದೆ. ಶನಿವಾರ ಮಾರುಕಟ್ಟೆಗೆ, ತಿಂಗಳಿಗೊಮ್ಮೆ ಊರಿಗೆ ಎಂದು 400 ಕಿಲೋಮೀಟರ್ ಓಡಿಸುವ ಮನೆಯಲ್ಲಿ ಕಾರು ಮಾರುವ ತನಕವೂ ಬರುವುದಿಲ್ಲ. ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇರುವುದರಿಂದ ಬ್ಯಾಟರಿಯ ಭಯಕ್ಕೆ ಅದನ್ನು ಬಿಡಬೇಕಿಲ್ಲ. ಬಿಡುವುದಿದ್ದರೆ ಈ ಲೆಕ್ಕಕ್ಕೆ ಬಿಡಿ.

ಕಡಿಮೆ ಓಡಾಟದ ಮನೆಗೆ ನನ್ನ ಒಲವು ಟರ್ಬೊ (ಗಾಳಿಯನ್ನು ಒತ್ತಿ ತುಂಬಿ ಎಂಜಿನ್ನಿನ ಶಕ್ತಿ ಹೆಚ್ಚಿಸುವ ಸಾಧನ) ಇಲ್ಲದ, ಸರಳವಾದ 1.5 ಲೀಟರ್ ಪೆಟ್ರೋಲ್ ಎಂಜಿನ್ನಿನ ಕಡೆಗೆ. 2023ರಲ್ಲಿ ಬಂದ ಎಲಿವೇಟ್‌ನಲ್ಲಿ ಇರುವುದು ಇದೊಂದೇ ಎಂಜಿನ್. 121 ಅಶ್ವಶಕ್ತಿ, ಆರು ಗೇರಿನ ಮ್ಯಾನ್ಯುಯಲ್ ಅಥವಾ ಸಿವಿಟಿ, ಅಂದರೆ ಬಿಡಿ ಬಿಡಿ ಗೇರುಗಳಿಲ್ಲದ ಆಟೋಮ್ಯಾಟಿಕ್. ಕ್ರೆಟಾ ಮತ್ತು ಸೆಲ್ಟೋಸ್‌ನ 115 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ಕೂಡ ಇದೇ ಜಾತಿಯದು. ಸಿವಿಟಿಯಲ್ಲಿ ಗೇರು ಬದಲಾಗುವ ಜಗ್ಗಾಟವೇ ಇಲ್ಲದ ಕಾರಣ ನಿಂತು ಸಾಗುವ ರಸ್ತೆಯಲ್ಲಿ ಎಡಗಾಲಿಗೂ ಮನಸ್ಸಿಗೂ ಬಿಡುವು ಸಿಗುತ್ತದೆ. ಇದೇ ರಸ್ತೆಯಲ್ಲಿ, ಎರಡು ಕ್ಲಚ್‌ಗಳಿಂದ ತಾನೇ ಗೇರು ಬದಲಿಸುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಇರುವ ಟರ್ಬೊ ಗಾಡಿಯನ್ನು ಸ್ವಲ್ಪ ಎಚ್ಚರದಿಂದ ಓಡಿಸಬೇಕು. ಕ್ರೆಟಾ ಮತ್ತು ಸೆಲ್ಟೋಸ್‌ನ 1.5 ಟರ್ಬೊ, ಕುಶಾಕ್ ಮತ್ತು ಟೈಗನ್‌ನ 1.5 ಟರ್ಬೊ ಈ ನಾಲ್ಕರಲ್ಲೂ ತಂಪಾಗಿಸುವ ಎಣ್ಣೆಯಿಲ್ಲದ ಡ್ರೈ ಕ್ಲಚ್ ಇದೆ. ಬ್ರೇಕ್ ಬಿಟ್ಟು ಹಿಡಿದು, ಬಿಟ್ಟು ಹಿಡಿದು ತೆವಳಿಸಿದರೆ ಅರ್ಧ ಹಿಡಿದ ಕ್ಲಚ್ ಬಿಸಿಯಾಗುತ್ತದೆ. ಮುಂದಿನ ಗಾಡಿಗೂ ನಮಗೂ ನಾಲ್ಕಾರು ಮಾರು ಅಂತರ ಆಗುವ ತನಕ ಕಾದು, ಆಮೇಲೆ ಒಮ್ಮೆಗೇ ಮುಂದೆ ಹೋಗುವುದು ಇದಕ್ಕೆ ಮದ್ದು. ಆ ಅಂತರದಲ್ಲಿ ಎರಡು ಆಟೋ ನುಗ್ಗಿ ಬರುತ್ತವೆ ಎನ್ನುವುದು ಬೇರೆ ಮಾತು.

ಡೀಸೆಲ್: ಯಾರಿಗೆ ಸೈ, ಯಾರಿಗೆ ಬೇಡ

ಇಲ್ಲಿ ಹೋಲಿಸುತ್ತಿರುವ ಗಾಡಿಗಳಲ್ಲಿ ಡೀಸೆಲ್ ಉಳಿದಿರುವುದು ಕ್ರೆಟಾ ಮತ್ತು ಸೆಲ್ಟೋಸ್‌ನಲ್ಲಿ ಮಾತ್ರ. ಹಿಂದೆ ಎಲ್ಲರೂ ಡೀಸೆಲ್ ಹುಡುಕುತ್ತಿದ್ದ ಕಾಲದಲ್ಲಿ ನಾನೂ ಒಂದು ಡೀಸೆಲ್ ಎಸ್‌ಯುವಿ ಕೊಂಡಿದ್ದೆ. ಹೆಸರು ಇಲ್ಲಿ ಬೇಡ. ಮನೆಯಿಂದ ಕಚೇರಿ ಐದೇ ಕಿಲೋಮೀಟರ್. ಐದನೆಯ ತಿಂಗಳು ಮೀಟರಿನ ಮೇಲೆ ಹಳದಿ ದೀಪವೊಂದು ಹತ್ತಿ ಕುಳಿತಿತು. ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಜಾಲರಿ ಕಟ್ಟಿಕೊಂಡಿದೆ, ಆ ಮಸಿ ತಾನಾಗಿ ಸುಟ್ಟುಹೋಗಬೇಕಾದರೆ ಎಂಜಿನ್ ಚೆನ್ನಾಗಿ ಕಾಯಬೇಕು, ಆದ್ದರಿಂದ ತುಮಕೂರು ರಸ್ತೆಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿಕೊಂಡು ಬನ್ನಿ ಎಂದು ಸರ್ವಿಸ್‌ನವರು ಹೇಳಿದರು. ಅಂದಿನಿಂದ ಆ ಗಾಡಿ ಮಾರುವ ತನಕ ಪ್ರತಿ ಎರಡನೇ ಭಾನುವಾರ ಬೆಳಿಗ್ಗೆ ನಾನು ದಾಬಸ್‌ಪೇಟೆಯ ತನಕ ಹೋಗಿ, ಕಾಫಿ ಕುಡಿದು, ಬರಿದೇ ವಾಪಸು ಬರುತ್ತಿದ್ದೆ. ತಪ್ಪು ಗಾಡಿಯದಲ್ಲ, ಐದು ಕಿಲೋಮೀಟರಿಗೆ ಡೀಸೆಲ್ ಕೊಂಡವನದು.

ಇದೇ ಡೀಸೆಲ್ಲನ್ನು ಹುಬ್ಬಳ್ಳಿಯಿಂದ ವಾರಕ್ಕೆರಡು ಸಲ ಬೆಳಗಾವಿ, ವಿಜಯಪುರ ಎಂದು ತಿರುಗುವವರ ಕೈಗೆ ಕೊಟ್ಟರೆ ಅವರು ಬೇರೆ ಗಾಡಿಯ ಹೆಸರೇ ಎತ್ತುವುದಿಲ್ಲ. ಕ್ರೆಟಾದ 1.5 ಡೀಸೆಲ್‌ಗೆ 116 ಅಶ್ವಶಕ್ತಿ ಮತ್ತು 250 ನ್ಯೂಟನ್ ಮೀಟರ್ ಎಳೆತ ಇದೆ. ಆ ಎಳೆತ ಎಂಜಿನ್ ಇನ್ನೂ ನಿಧಾನವಾಗಿ ತಿರುಗುತ್ತಿರುವಾಗಲೇ ಸಿಗುವುದರಿಂದ ಐದು ಜನ ಕುಳಿತರೂ ಗೇರು ಇಳಿಸುವ ಕೆಲಸ ಕಡಿಮೆ. ಜೊತೆಗೆ ಬರುವ ಆಟೋಮ್ಯಾಟಿಕ್ ಡ್ಯುಯಲ್ ಕ್ಲಚ್ ಅಲ್ಲ, ಕ್ಲಚ್ ಬದಲು ಎಣ್ಣೆಯ ಮೂಲಕ ಬಲ ಸಾಗಿಸುವ ಹಳೆಯ ನಂಬಿಕಸ್ತ ಟಾರ್ಕ್ ಕನ್ವರ್ಟರ್. ಟ್ಯಾಂಕು 50 ಲೀಟರಿನದು; ಹೆದ್ದಾರಿಯಲ್ಲಿ 18 ಸಿಕ್ಕರೂ ಒಮ್ಮೆ ತುಂಬಿಸಿದರೆ 900 ಕಿಲೋಮೀಟರ್ ಆಗುತ್ತದೆ, ಬೆಂಗಳೂರಿನಿಂದ ಬೀದರ್ ತಲುಪಿದ ಮೇಲೂ ಟ್ಯಾಂಕಿನಲ್ಲಿ ಉಳಿಯುತ್ತದೆ. ಎಲಿವೇಟ್‌ನ ಟ್ಯಾಂಕು 40 ಲೀಟರ್ ಮಾತ್ರ ಎಂಬುದನ್ನು ದೂರ ಓಡುವವರು ಗಮನಿಸಬೇಕು.

ಘಟ್ಟ ಹತ್ತುವಾಗ, ಇಳಿಯುವಾಗ

ಮಂಗಳೂರು, ಉಡುಪಿ, ಧರ್ಮಸ್ಥಳದ ಕಡೆ ಓಡಾಡುವ ಕುಟುಂಬಗಳಿಗೆ ಗಾಡಿಯ ಗುಣ ಗೊತ್ತಾಗುವುದು ಶಿರಾಡಿಯಲ್ಲಿ, ಚಾರ್ಮಾಡಿಯಲ್ಲಿ. ಐದು ಜನ, ತುಂಬಿದ ಡಿಕ್ಕಿ, ಎಸಿ ಓಡುತ್ತಿದೆ, ಮುಂದೆ ಹದಿನಾಲ್ಕು ಗಾಲಿಯ ಲಾರಿ ಆನೆ ನಡಿಗೆಯಲ್ಲಿ ಹೋಗುತ್ತಿದೆ. ದಾಟಲು ಸಿಗುವ ನೇರ ದಾರಿ ನೂರು ಮೀಟರ್. ಆಗ ಮೈಲ್ಡ್ ಹೈಬ್ರಿಡ್ ಗಾಡಿಯನ್ನು ಎರಡನೇ ಗೇರಿಗೆ ಇಳಿಸಿ, ಎಂಜಿನ್ ಕೂಗುವಂತೆ ಓಡಿಸಬೇಕಾಗುತ್ತದೆ. ದಾಟುತ್ತದೆ, ಆದರೆ ಲೆಕ್ಕಾಚಾರ ಬೇಕು. ಸಿವಿಟಿ ಗಾಡಿಯಲ್ಲಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಸದ್ದು ಮೊದಲು ಏರುತ್ತದೆ, ವೇಗ ಹಿಂದಿನಿಂದ ಬರುತ್ತದೆ. ಕ್ರೆಟಾದ 160 ಅಶ್ವಶಕ್ತಿಯ ಟರ್ಬೊ ಆಗಲಿ, ಟೈಗನ್‌ನ 150 ಅಶ್ವಶಕ್ತಿಯ ಟರ್ಬೊ ಆಗಲಿ ಇಂಥ ಕಡೆ ಕಣ್ಣು ಮಿಟುಕಿಸುವುದರೊಳಗೆ ಮುಗಿಸುತ್ತವೆ. ತಿರುವಿನಲ್ಲಿ ನೆಲ ಕಚ್ಚಿ ಹೋಗುವ ವಿಷಯದಲ್ಲಂತೂ ಕುಶಾಕ್ ಮತ್ತು ಟೈಗನ್‌ಗಳನ್ನು ಮೀರಿಸುವ ಗಾಡಿ ಈ ಬೆಲೆಯಲ್ಲಿ ಇಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಓಡಿಸುವವನಿಗೆ ಸಿಗುವ ಆ ಖುಷಿ ಹಿಂದೆ ಕುಳಿತು ಆಗುಂಬೆಯ 14 ಹೇರ್‌ಪಿನ್ ತಿರುವು ದಾಟುವವರಿಗೆ ಸಿಗಲಿಕ್ಕಿಲ್ಲ.

ಸ್ಟ್ರಾಂಗ್ ಹೈಬ್ರಿಡ್ ಘಟ್ಟದಲ್ಲಿ ಹೇಗೆ ಎಂದು ಹಲವರು ಕೇಳುತ್ತಾರೆ. ಹತ್ತುವ ಮೊದಲ ಕೆಲವು ತಿರುವುಗಳಲ್ಲಿ ಮೋಟಾರಿನ ನೆರವು ಧಾರಾಳವಾಗಿ ಸಿಗುತ್ತದೆ. ಒಂದೇ ಸಮನೆ ಏರು ಬಂದು ಬ್ಯಾಟರಿ ತಗ್ಗಿದ ಮೇಲೆ 92 ಅಶ್ವಶಕ್ತಿಯ ಎಂಜಿನ್ನೇ ಭಾರವನ್ನೆಲ್ಲ ಎಳೆಯಬೇಕಾಗುವುದರಿಂದ ಸದ್ದು ಜೋರಾಗುತ್ತದೆ. ಇಳಿಯುವಾಗ ಕತೆ ತಿರುಗಾಮುರುಗಾ. ಲಿವರನ್ನು ಬಿ ಸ್ಥಾನಕ್ಕೆ ತಂದರೆ ಗಾಡಿ ತಾನೇ ವೇಗ ತಗ್ಗಿಸುತ್ತಾ ಬ್ಯಾಟರಿ ತುಂಬಿಸಿಕೊಳ್ಳುತ್ತದೆ. ಘಟ್ಟದ ಅರ್ಧದಲ್ಲೇ ಬ್ಯಾಟರಿ ಭರ್ತಿಯಾದರೆ ಎಂಜಿನ್ ಇದ್ದಕ್ಕಿದ್ದಂತೆ ಜೋರಾಗಿ ತಿರುಗಲು ಶುರುವಾಗುತ್ತದೆ. ಹೊಸಬರು ಏನೋ ಕೆಟ್ಟಿತು ಎಂದು ಪಕ್ಕಕ್ಕೆ ನಿಲ್ಲಿಸುವುದುಂಟು. ಕೆಟ್ಟಿರುವುದಿಲ್ಲ, ತುಂಬಲು ಜಾಗವಿಲ್ಲದ ಶಕ್ತಿಯನ್ನು ಎಂಜಿನ್ ತಿರುಗಿಸಿ ಕಳೆಯುತ್ತಿರುತ್ತದೆ, ಪೆಟ್ರೋಲ್ ಹೋಗುತ್ತಿರುವುದಿಲ್ಲ.

ಘಟ್ಟದ ಮೇಲೆ ಕಾಫಿ ತೋಟದ ಒಳದಾರಿ ಇರುವವರು ಗ್ರ್ಯಾಂಡ್ ವಿಟಾರಾ ಅಥವಾ ಹೈರೈಡರ್‌ನ ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಮಾದರಿಯನ್ನು ನೋಡಬೇಕು. ಇಲ್ಲಿ ಹೋಲಿಸಿದ ಉಳಿದ ಯಾವುದರಲ್ಲೂ ಆ ಸೌಲಭ್ಯವಿಲ್ಲ. ಜುಲೈ ತಿಂಗಳ ಕೆಂಪು ಜೇಡಿಯಲ್ಲಿ ಮುಂದಿನ ಚಕ್ರ ಜಾರಿದ ಕೂಡಲೇ ಹಿಂದಿನ ಚಕ್ರಕ್ಕೆ ಬಲ ಹೋಗುತ್ತದೆ. ಆದರೆ ಇದು ಜೀಪಲ್ಲ, ನಿಧಾನವಾಗಿ ಬಲವಾಗಿ ಎಳೆಯುವ ಲೋ ಗೇರು ಇಲ್ಲ. ಹಳ್ಳ ದಾಟುವ ಸಾಹಸ ಬೇಡ. ನೆಲದಿಂದ ಎತ್ತರದ ಲೆಕ್ಕದಲ್ಲಿ ಎಲಿವೇಟ್ 220 ಮಿಲಿಮೀಟರ್, ಬಿಡದಿಯ ಜೋಡಿ 210, ಕ್ರೆಟಾ 190, ಕುಶಾಕ್ 188. ನಮ್ಮ ಹಳ್ಳಿಗಳ ಹಂಪುಗಳಿಗೆ ಯಾವ ಇಲಾಖೆಯ ಅಳತೆಯೂ ಇಲ್ಲದ ಕಾರಣ ಈ ಎರಡು ಮೂರು ಸೆಂಟಿಮೀಟರ್ ಅಂತರ ಕೆಲಸಕ್ಕೆ ಬರುತ್ತದೆ.

ಹಿಂದಿನ ಸೀಟು, ಡಿಕ್ಕಿ, ಮತ್ತು ಉಳಿದದ್ದು

ಡಿಕ್ಕಿಯ ವಿಷಯದಲ್ಲಿ ಎಲಿವೇಟ್ ಮುಂದೆ, 458 ಲೀಟರ್, ಕ್ರೆಟಾ 433, ಕುಶಾಕ್ ಮತ್ತು ಟೈಗನ್ 385, ಗ್ರ್ಯಾಂಡ್ ವಿಟಾರಾ 373. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಬ್ಯಾಟರಿ ಡಿಕ್ಕಿಯ ನೆಲದಡಿ ಕೂರುವುದರಿಂದ 265ಕ್ಕೆ ಇಳಿಯುತ್ತದೆ. ಊರಿನಿಂದ ಹೊರಡುವಾಗ ಅಕ್ಕಿ ಮೂಟೆ, ತೆಂಗಿನಕಾಯಿ ಚೀಲ, ಕೊನೆಯ ಗಳಿಗೆಯಲ್ಲಿ ಅತ್ತೆ ತಂದಿಡುವ ಹಲಸಿನ ಹಣ್ಣು ಇವಿಷ್ಟಕ್ಕೆ ಜಾಗ ಬೇಕಾದ ಮನೆಯವರು ಹೈಬ್ರಿಡ್ ಬುಕ್ ಮಾಡುವ ಮುನ್ನ ಡಿಕ್ಕಿ ತೆರೆಸಿ ನೋಡಬೇಕು. ಕಾರ್ಖಾನೆಯಿಂದಲೇ ಬರುವ ಸಿಎನ್‌ಜಿ ಮಾದರಿಯಲ್ಲಂತೂ ಸಿಲಿಂಡರ್ ಡಿಕ್ಕಿಯನ್ನು ಬಹುಪಾಲು ನುಂಗಿಬಿಡುತ್ತದೆ. ಹಿಂದೆ ಮೂವರು ದೊಡ್ಡವರು ಕೂರಬೇಕೆಂದರೆ ಕುಶಾಕ್ ಮತ್ತು ಟೈಗನ್ ಅಗಲ ಸಾಲದು, ಇಬ್ಬರಿಗೆ ಚೆನ್ನ. ಕ್ರೆಟಾ, ಎಲಿವೇಟ್ ಇದಕ್ಕಿಂತ ಮೂರು ಸೆಂಟಿಮೀಟರ್ ಅಗಲ. ಅಗಲವಾದ ಸನ್‌ರೂಫ್ ಇರುವ ಕಡೆ ಹಿಂದೆ ಕೂತವರ ತಲೆಗೂ ಛಾವಣಿಗೂ ನಡುವಿನ ಜಾಗ ಕಡಿಮೆಯಾಗುತ್ತದೆ. ನಮ್ಮ ಬಿಸಿಲಿಗೆ ಆ ಗಾಜಿನ ಪರದೆ ವರ್ಷದಲ್ಲಿ ಎಷ್ಟು ದಿನ ತೆರೆದಿರುತ್ತದೆ ಎಂದು ಮಾಲೀಕರನ್ನೇ ಕೇಳಿ ನೋಡಿ.

ಸುರಕ್ಷತೆಯ ಬಗ್ಗೆ ಚುಟುಕಾಗಿ ಹೇಳುವುದಾದರೆ, 2022ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಡೆಸಿದ ಅಪಘಾತ ಪರೀಕ್ಷೆಯಲ್ಲಿ ಕುಶಾಕ್ ಮತ್ತು ಟೈಗನ್ ದೊಡ್ಡವರಿಗೂ ಮಕ್ಕಳಿಗೂ 5 ಸ್ಟಾರ್ ಪಡೆದವು. ಅದೇ ವರ್ಷ ಆಗಿನ ಕ್ರೆಟಾಕ್ಕೆ 3 ಸ್ಟಾರ್ ಸಿಕ್ಕಿತ್ತು. 2024ರ ಜನವರಿಯಲ್ಲಿ ಬಂದ ಕ್ರೆಟಾ ಅದರ ಪರಿಷ್ಕೃತ ರೂಪವಾದ್ದರಿಂದ, ಸೆಕೆಂಡ್ ಹ್ಯಾಂಡ್ ಕೊಳ್ಳುವವರು ತಯಾರಾದ ವರ್ಷವನ್ನು ನೋಡಿಕೊಳ್ಳುವುದು ಒಳ್ಳೆಯದು.

ಸರ್ವಿಸ್ ವಿಷಯದಲ್ಲಿ ಊರು ಮುಖ್ಯ. ಮಾರುತಿ ಮತ್ತು ಹ್ಯುಂಡೈನವರ ಸರ್ವಿಸ್ ಸೆಂಟರ್ ಜಿಲ್ಲಾ ಕೇಂದ್ರಗಳಲ್ಲೆಲ್ಲ ಸುಲಭವಾಗಿ ಸಿಗುತ್ತದೆ. ಸ್ಕೋಡಾ, ಫೋಕ್ಸ್‌ವ್ಯಾಗನ್‌ಗೆ ದೊಡ್ಡ ಊರುಗಳತ್ತ ಹೋಗಬೇಕು. ಗ್ರ್ಯಾಂಡ್ ವಿಟಾರಾವೋ ಹೈರೈಡರೋ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವವರಿದ್ದಾರೆ. ಒಳಗಿನ ಯಂತ್ರ ಒಂದೇ, ತಯಾರಾಗುವ ಜಾಗವೂ ಒಂದೇ ಆದ ಮೇಲೆ ಯಾರ ಸರ್ವಿಸ್ ಮನೆಗೆ ಹತ್ತಿರ, ಯಾರು ಬೇಗ ಗಾಡಿ ಕೊಡುತ್ತಾರೆ ಎಂಬುದನ್ನು ನೋಡಿದರೆ ಸಾಕು. ಟೈರಿನ ಖರ್ಚನ್ನು ಹೊಸ ಮಾಲೀಕರು ಯಾರೂ ಹೇಳುವುದಿಲ್ಲ, ಏಕೆಂದರೆ ಅವರು ಇನ್ನೂ ಟೈರು ಬದಲಿಸಿರುವುದಿಲ್ಲ. ಮೇಲಿನ ವೇರಿಯೆಂಟಿನ 17 ಇಂಚಿನ ಟೈರಿಗಿಂತ ಕೆಳಗಿನ ವೇರಿಯೆಂಟುಗಳ 16 ಇಂಚಿನದು ಅಗ್ಗ. ಅದರ ಪಕ್ಕೆಯೂ ಹೆಚ್ಚು ದಪ್ಪವಾಗಿರುವುದರಿಂದ ಗುಂಡಿಯಲ್ಲಿ ಬಿದ್ದಾಗ ರಿಮ್ಮಿಗೆ ಪೆಟ್ಟು ಕಡಿಮೆ. ಮೈಲೇಜ್ ಕೇಳುವಾಗಲೂ ಅಷ್ಟೆ, ಮೀಟರ್ ತೋರಿಸುವುದನ್ನು ಬಿಟ್ಟು ಟ್ಯಾಂಕ್ ಭರ್ತಿ ಮಾಡಿಸಿ ಲೆಕ್ಕ ಹಾಕಿದ್ದೀರಾ ಎಂದು ಕೇಳಬೇಕು. ಈಗ ಬಂಕುಗಳಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್‌ನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆ ಇರುವುದರಿಂದ ಮೂರು ವರ್ಷ ಹಿಂದಿನ ಮಾಲೀಕರ ಅಂಕಿಗಳನ್ನು ಹಾಗೆಯೇ ನಂಬುವಂತಿಲ್ಲ.

ಟೆಸ್ಟ್ ಡ್ರೈವ್ ಬಗ್ಗೆ ಒಂದು ಮಾತು. ಶೋರೂಮಿನವರು ಬೆಳಿಗ್ಗೆ ಹನ್ನೊಂದಕ್ಕೆ ಕರೆದು, ಒಬ್ಬರನ್ನೇ ಕೂರಿಸಿ, ಮೂರು ಕಿಲೋಮೀಟರ್ ಖಾಲಿ ರಸ್ತೆಯಲ್ಲಿ ಸುತ್ತಿಸಿ ತರುತ್ತಾರೆ. ಅದರಿಂದ ತಿಳಿಯುವುದು ಎಸಿ ತಂಪಾಗಿದೆ ಎಂಬುದಷ್ಟೇ. ಸಂಜೆ ಆರಕ್ಕೆ ಗಾಡಿಯನ್ನು ಮನೆಗೇ ತರಿಸಿ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ನೀವು ದಿನಾ ಹೋಗುವ ದಾರಿಯಲ್ಲೇ ಹೋಗಿ, ನಿಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಏರಿನಲ್ಲಿ ಒಮ್ಮೆ ನಿಲ್ಲಿಸಿ ಮತ್ತೆ ಹತ್ತಿಸಿ. ಎರಡನೇ ಗಾಡಿ ಕೊಳ್ಳುವಾಗ ನಾನು ಹೀಗೆಯೇ ನಾಲ್ಕು ಗಾಡಿ ತರಿಸಿದ್ದೆ. ನಾನು ಅಶ್ವಶಕ್ತಿ, ಟಾರ್ಕ್ ಎಂದು ಪಟ್ಟಿ ಹಿಡಿದು ಕೂತಿದ್ದಾಗ, ಮಂಡಿನೋವಿನ ಅಮ್ಮ ನಾಲ್ಕಕ್ಕೂ ಒಮ್ಮೊಮ್ಮೆ ಹತ್ತಿ ಇಳಿದರು. ಮೂರರಲ್ಲಿ ಮೇಲಿನ ಹಿಡಿ ಹಿಡಿದು ಜಗ್ಗಬೇಕಾಯಿತು. ನಾಲ್ಕನೆಯದರಲ್ಲಿ ಸೀರೆ ಎತ್ತದೆ, ಯಾರ ಕೈಯನ್ನೂ ಹಿಡಿಯದೆ ಕುಳಿತು, "ಇದರಲ್ಲಿ ಹೋಗೋಣಪ್ಪ" ಎಂದರು. ನಮ್ಮ ಓಡಾಟ ತಿಂಗಳಿಗೆ 500 ಕಿಲೋಮೀಟರ್. ಅದೃಷ್ಟಕ್ಕೆ ಆ ಗಾಡಿಯಲ್ಲಿ ಇದ್ದದ್ದೂ ಸಾದಾ ಪೆಟ್ರೋಲ್ ಎಂಜಿನ್ನು, ಸಿವಿಟಿ.